ಒಂದೇ ಕಿಕ್ಕಿಗೆ

ಪುಣೆಯ ವಾಮನರಾವ್ ಖಾಸನೀಸರು ಮೂವತ್ತನಾಲ್ಕು ವರ್ಷಗಳಿಂದ ಒಂದೇ ನೀಲಿ ಸ್ಕೂಟರನ್ನು ಸಾಕಿಕೊಂಡು ಬಂದವರು. ಮಗನಿಗೂ ಅದರ ಹ್ಯಾಂಡಲ್ ಮುಟ್ಟಗೊಟ್ಟವರಲ್ಲ. "ಕಣ್ಣು ಕಟ್ಟಿ ಸಾವಿರ ಗಾಡಿ ನಡುವೆ ಬಿಟ್ರೂ ನನ್ನದನ್ನ ಹುಡುಕ್ತೀನಿ" ಎಂದು ಕಂಡಕಂಡವರೆದುರು ಜಂಬ ಕೊಚ್ಚುತ್ತಿದ್ದರು.

ಆ ಭಾನುವಾರ ತರಕಾರಿ ಮಂಡಿಯ ಹೊರಗೆ ಕೀಲಿ ತಿರುಗಿಸಿ, ಎಂದಿನಂತೆ ಗಾಡಿಯನ್ನು ಪಕ್ಕಕ್ಕೆ ವಾಲಿಸಿ ನಿಲ್ಲಿಸಿ ಕಿಕ್ ಹೊಡೆದರು. ಎಷ್ಟೋ ವರ್ಷಗಳ ಮೇಲೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು! ಹಿಗ್ಗಿನಿಂದಲೇ ಮನೆ ಮುಟ್ಟಿದರು. ಒರೆಸುವ ಬಟ್ಟೆಗೆಂದು ಡಿಕ್ಕಿ ತೆಗೆದರೆ ಒಳಗೆ ಯಾವುದೋ ಹೆಂಗಸಿನ ಕನ್ನಡಕ, ಅರ್ಧ ಹೆಣೆದ ಸ್ವೆಟರು.

"ಕೀಲಿ ಸವೆದಿದೆ, ಯಾವ ಗಾಡಿಗಾದ್ರೂ ಹೋಗತ್ತೆ, ಸರಿ. ನಿಮ್ಮ ಕಣ್ಣೂ ಸವೀತೇನ್ರೀ?" ಎಂದರು ಹೆಂಡತಿ.

ಅದೇ ಗಾಡಿಯಲ್ಲಿ ಮಂಡಿಗೆ ವಾಪಸ್ ಧಾವಿಸಿದರೆ, ಅಂಥದೇ ನೀಲಿಯ ಅವರ ಸ್ವಂತ ಗಾಡಿಗೆ ಒರಗಿ ಒಬ್ಬ ವಯಸ್ಸಾದ ಹೆಂಗಸು ಬಿಸಿಲಲ್ಲೇ ನಿಂತಿದ್ದರು.

"ನಿಮ್ಮದನ್ನೂ ಯಾರಾದ್ರೂ ಒಯ್ದಾರು ಅಂತ ಕಾಯ್ತಿದ್ದೆ. ನಿಮ್ಮ ಗಾಡಿ ಎಷ್ಟು ಕಿಕ್ ಕೇಳತ್ತೆ ಅಂತ ಈ ಸೊಪ್ಪಿನವಳು ಹೇಳಿದ್ಲು. ಅಲ್ರೀ, ನನ್ನ ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯ್ತಲ್ಲ, ಆಗಲಾದ್ರೂ ಅನುಮಾನ ಬರಲಿಲ್ವಾ?"

ಖಾಸನೀಸರು ತಲೆ ತಗ್ಗಿಸಿ ತಮ್ಮ ಗಾಡಿಯನ್ನು ವಾಲಿಸಿ ಕಿಕ್ ಹೊಡೆದರು. ಮತ್ತೆ ಹೊಡೆದರು. ಐದನೆಯದರಿಂದ ಸೊಪ್ಪು ಮಾರುವವಳು ಗಟ್ಟಿಯಾಗಿ ಎಣಿಸತೊಡಗಿದಳು.