ಗಿರಿಜೆ ಹೇಳಿದ ಗಾಳಿಯ ಸುದ್ದಿ

1966ರಲ್ಲಿ ನಾನು ಬೊಂಬಾಯಿಯ ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿ ಸಹಾಯಕಿಯಾಗಿದ್ದೆ. ಟೆಲಿಪ್ರಿಂಟರಿನಲ್ಲಿ ಊರೂರುಗಳಿಂದ ಬರುವ ಗಾಳಿ, ಮಳೆ, ವಾಯುಭಾರದ ಅಂಕಿಗಳನ್ನು ನಕ್ಷೆಗೆ ಏರಿಸಿ, ಪೈಲಟ್‌ಗೆ ಕೊಡುವ ಹವಾಮಾನ ಫೋಲ್ಡರ್ ಸಿದ್ಧಪಡಿಸುವುದು ನನ್ನ ಕೆಲಸ. ದಾರಿಯಲ್ಲಿ ಎಲ್ಲಿ ಗುಡುಗು ಮೋಡ, ಎಲ್ಲಿ ಬಿರುಗಾಳಿ ಎಂಬುದೆಲ್ಲ ಅದರಲ್ಲಿರುತ್ತಿತ್ತು. ಸಹಿ ಹಾಕಿ ಅದನ್ನು ಪಡೆಯದೆ ಪೈಲಟ್ ಹೊರಡುವಂತಿರಲಿಲ್ಲ. ಹೆಂಗಸಿನ ಕೈಯಿಂದ ಕಾಗದ ತೆಗೆದುಕೊಳ್ಳಲು ಮುಖ ಸಿಂಡರಿಸುವ ಕ್ಯಾಪ್ಟನ್ನರೂ ನನ್ನ ಮೇಜಿನ ಮುಂದೆ ನಿಲ್ಲಲೇಬೇಕಿತ್ತು.

ನನ್ನ ತವರು ಸಾಲಿಗ್ರಾಮ. ರಜೆಗೆ ಬಂದಾಗಲೆಲ್ಲ ಆಸುಪಾಸಿನ ಶಾಲೆಗಳವರು ಕರೆದು ಹೆಣ್ಣುಮಕ್ಕಳಿಗೆ ನಾಲ್ಕು ಮಾತು ಹೇಳಿಸುತ್ತಿದ್ದರು. ವಿಮಾನದಲ್ಲಿ ಕೂತರೆ ಹೆದರಿಕೆ ಆಗುವುದಿಲ್ಲವೇ ಎಂಬುದೇ ಎಲ್ಲರ ಪ್ರಶ್ನೆ. ಆ ವರ್ಷ ದೀಪಾವಳಿಗೆ ಮುಂಚೆ ಉಪ್ಪುಂದದ ಕಡೆಯ ಒಂದು ಹೈಸ್ಕೂಲಿಗೆ ಹೋಗಿದ್ದೆ. ಮೀನುಗಾರರ ಮನೆಯ ಹುಡುಗಿ, ಒಂಬತ್ತನೆಯ ತರಗತಿಯ ಗಿರಿಜೆ, ಹಿಂದಿನ ಬೆಂಚಿನಿಂದ ಎದ್ದು ಬೇರೆಯದೇ ಕೇಳಿದಳು.

"ನೀವ್ ವಿಮಾನದವ್ರಿಗೆ ಹೇಳ್ತ್ರಿ. ನಮ್ ದೋಣಿಯವ್ರಿಗೆ ಹೇಳುದ್ ಯಾರ್ ಅಕ್ಕ?"

ದೊಡ್ಡ ಬಂದರುಗಳಲ್ಲಿ ಅಪಾಯದ ಗುರುತು ಏರಿಸುತ್ತಾರೆ, ಸಂಜೆ ರೇಡಿಯೊದಲ್ಲೂ ಹೇಳುತ್ತಾರೆ ಎಂದೆ. ಅವರೂರಿನ ಕಡಲ ಕರೆಯಲ್ಲಿ, ಅಂದರೆ ದಡದಲ್ಲಿ, ಗುರುತಿನ ಕಂಬವಿರಲಿಲ್ಲ. ಪಂಚಾಯತಿಯಲ್ಲಿ ರೇಡಿಯೊ ಇತ್ತು. ಹಾಡು ಮುಗಿದು ಹವಾಮಾನದ ಸುದ್ದಿ ಬರುವಷ್ಟರಲ್ಲಿ ಜನ ಪಂಚೆ ಕೊಡವಿ ಎದ್ದು ಹೋಗುತ್ತಿದ್ದರು. ಇನ್ನು ತಾನೇ ಕೇಳಿ ಎಲ್ಲರಿಗೂ ಹೇಳುತ್ತೇನೆ ಎಂದಳು ಗಿರಿಜೆ. ನನಗೆ ಖುಷಿಯೋ ಖುಷಿ. ವಾಯುಭಾರ ಕುಸಿತ ಎಂದರೇನು, ಒಂದೆಡೆ ಗಾಳಿಯ ಒತ್ತಡ ಕಡಿಮೆಯಾದರೆ ಸುತ್ತಲಿನ ಗಾಳಿ ಹೇಗೆ ನುಗ್ಗಿ ಸುತ್ತುತ್ತದೆ ಎಂಬುದನ್ನೆಲ್ಲ ಕೂರಿಸಿಕೊಂಡು ಕಲಿಸಿದೆ. ಎಸ್ಸೆಸ್ಸೆಲ್ಸಿ ಮುಗಿಸಿ ನನ್ನಲ್ಲಿಗೆ ಬಾ, ಮುಂದಿನ ಓದು ನನ್ನ ಜವಾಬ್ದಾರಿ ಎಂದೆ. ಅವಳ ಅಪ್ಪ ಮಂಜನೂ ಒಪ್ಪಿದ.

ಮರುವರ್ಷ ಮಳೆಗಾಲ ಕಳೆದ ಮೇಲೆ ಎರಡು ಸಲ ರೇಡಿಯೊ ಎಚ್ಚರಿಕೆ ಕೊಟ್ಟಿತು. ಎರಡೂ ಸಲ ಗಿರಿಜೆಯ ಮಾತಿಗೆ ಮಂಜ ದೋಣಿ ಇಳಿಸಲಿಲ್ಲ. ಅವನನ್ನು ನೋಡಿ ಇನ್ನೂ ಕೆಲವರು ನಿಂತರು. ಎರಡೂ ಸಲ ಬಿರುಗಾಳಿ ದಿಕ್ಕು ಬದಲಿಸಿ ಪಶ್ಚಿಮಕ್ಕೆ ಹೋಯಿತು. ಇಲ್ಲಿ ಕಡಲು ತಣ್ಣಗಿತ್ತು, ಪಕ್ಕದೂರಿನವರು ದೋಣಿ ತುಂಬ ಬಂಗುಡೆ ಮೀನು ತಂದರು. ಮಗಳ ಪಾಠ ಕೇಳಿ ಮನೆಯಲ್ಲಿ ಕೂತವನೆಂದು ಮಂಜನನ್ನು ಎಲ್ಲರೂ ಆಡಿಕೊಂಡರು.

ಮೂರನೆಯ ಸಲ ಅವನು ಕೇಳಲಿಲ್ಲ. ಹುಡುಗಿ ಬೆಳಿಗ್ಗೆ ಕಡಲ ಕರೆಯವರೆಗೂ ಹಿಂದೆ ಹೋಗಿ, ಹೋಗಬೇಡ, ಗಾಳಿ ಬರುತ್ತದೆ ಎಂದಳು. ದೋಣಿ ದೂಡುವ ಹೊತ್ತಿಗೆ ಕೆಟ್ಟ ಮಾತು ಆಡಬಾರದೆಂಬುದು ನಮ್ಮ ಕಡಲಂಚಿನ ಕಟ್ಟುನಿಟ್ಟು.

"ಈಗ್ಳ್ ಅಂತದ್ದೆಲ್ಲ ಹೇಳುಕಾಗ ಹೆಣ್ಣೆ," ಎಂದಷ್ಟೇ ಹೇಳಿ ಮಂಜ ತಮ್ಮನೊಡನೆ ಹೊರಟ.

ಅದೇ ಬೆಳಿಗ್ಗೆ ಬೊಂಬಾಯಿಯಲ್ಲಿ ಅದೇ ಗಾಳಿಯನ್ನು ನಾನು ನಕ್ಷೆಯಲ್ಲಿ ಬರೆದಿದ್ದೆ. ಮಂಗಳೂರಿನ ವಿಮಾನ ಹಾರಲಿಲ್ಲ. ಪ್ರಯಾಣಿಕರು ಗೊಣಗಿಕೊಂಡು ಮನೆಗೆ ಹೋಗಿ ಊಟ ಮಾಡಿದರು. ಉಪ್ಪುಂದದಲ್ಲಿ ಗಾಳಿ ಏಳುತ್ತಿದ್ದಂತೆ ಹತ್ತಿರವಿದ್ದ ದೋಣಿಗಳು ತಿರುಗಿ ಬಂದವು. ದೂರ ಹೋಗಿದ್ದ ಮಂಜನ ದೋಣಿ ಬರಲೇ ಇಲ್ಲ. ಅಣ್ಣ ತಮ್ಮ ಇಬ್ಬರ ಹೆಣವೂ ಸಿಗಲಿಲ್ಲ.

ಗಿರಿಜೆಯ ಶಾಲೆಯ ಮಾಸ್ಟರರಿಂದ ಸುದ್ದಿ ತಿಳಿದು ರಜೆ ಹಾಕಿ ಹೋದೆ. ಹುಡುಗಿ ಸರಿಯಾಗಿಯೇ ಹೇಳಿದ್ದಳು, ಈಗಲಾದರೂ ಊರು ಅವಳ ಮಾತಿಗೆ ಬೆಲೆ ಕೊಟ್ಟೀತು ಎಂದುಕೊಂಡಿದ್ದೆ. ಊರು ಅವಳದು ಆಡಿದ್ದು ಆಗಿಬಿಡುವ ಕೆಟ್ಟ ಬಾಯಿ ಎಂದು ತೀರ್ಮಾನಿಸಿತ್ತು. ಅವಳು ಎದುರಾದರೆ ಕಡಲಿಗೆ ಹೊರಟವರು ಮನೆಗೆ ತಿರುಗುತ್ತಿದ್ದರು. ಅವಳ ಶಾಲೆ ನಿಂತಿತ್ತು. ನನಗೆ ಮೈಯೆಲ್ಲ ಉರಿಯಿತು. ಇಂದಿಗೂ ಆ ಸಿಟ್ಟು ಆರಿಲ್ಲ.

ಅವಳ ಅಮ್ಮ ಮಾತ್ರ ಮಗಳನ್ನು ದೂರಲಿಲ್ಲ. "ಸುಳ್ಳಾದಾಗ ಬೈದ್ರ್. ನಿಜ ಆಯ್ತಲ್ದಾ, ಈಗ್ಳ್ ಹೆದ್ರ್ತ್ರ್. ನೀವೇ ಇವ್ಳನ್ನ್ ಕರ್ಕಂಡ್ ಹೋಯ್ನಿ," ಎಂದಳು.

ಗಿರಿಜೆ ಅಡುಗೆ ಕೋಣೆಯ ಮೂಲೆಯಲ್ಲಿ ಕೂತಿದ್ದಳು. ಆ ಗಾಳಿ ದೂರದ ಸಮುದ್ರದಲ್ಲಿ ಮೊದಲೇ ಹುಟ್ಟಿತ್ತು, ನಿನ್ನ ಮಾತಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದೆ. ಬೊಂಬಾಯಿಗೆ ಹೋಗೋಣ, ಓದು, ನನ್ನ ಹಾಗೆ ವಿಮಾನಗಳಿಗೆ ಹವೆ ಹೇಳುವ ಕೆಲಸ ಮಾಡು ಎಂದೆ. ಎಲ್ಲವನ್ನೂ ಕೇಳಿದಳು.

"ಅದೆಲ್ಲ ಗೊತ್ತಿತ್ ಅಕ್ಕ. ಆದ್ರೂ ನಾನ್ ಹೇಳಿದ್ದೇ ಆತ್ತ್. ವಿಮಾನದಗೆ ಸುಮಾರ್ ಜನ ಇರ್ತ್ರಲ್ದಾ."

ಎಷ್ಟು ಹೇಳಿದರೂ ಅವಳು ಬರಲಿಲ್ಲ. ನಾನು ಒಬ್ಬಳೇ ಬಸ್ಸು ಹತ್ತಿದೆ.

ಹುಡುಗಿಯರನ್ನಷ್ಟೇ ಕೂರಿಸಿ ಭಾಷಣ ಮಾಡುವುದನ್ನು ಅಲ್ಲಿಗೆ ಬಿಟ್ಟೆ. ಕರೆಯಲು ಬಂದವರಿಗೆ, ಅಪ್ಪ, ಅಣ್ಣ, ಮಾವಂದಿರನ್ನೂ ಕೂರಿಸಿ, ಇಲ್ಲವಾದರೆ ಬರುವುದಿಲ್ಲ ಎನ್ನುತ್ತಿದ್ದೆ. ಕೆಲವು ಶಾಲೆಗಳು ಒಪ್ಪಿದವು, ಕೆಲವು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಹೆಣ್ಣುಮಗುವಿಗೆ ಹವಾಮಾನ ಕಲಿಸಲು ಒಂದು ಸಂಜೆ ಸಾಕು. ಅವಳ ಮಾತು ಕೇಳುವುದನ್ನು ಊರಿಗೆ ಕಲಿಸಲು ವರ್ಷಗಳೇ ಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದು. ಗಿರಿಜೆಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.