ಪುಕ್ಕಟೆ ಮೂಟೆಯ ಉಣ್ಣೆ

ವಿಲ್ಮಾ ಹುದಾಕಳಿಗೆ ಕಾರ್ಖಾನೆ ಕೊಡಬೇಕಾದ ಪರಿಹಾರ ಇನ್ನೂ ಬಾಕಿ ಇದೆ. ಅವಳು ಮಣ್ಣಾಗಿ ಎರಡು ಚಳಿಗಾಲ ಕಳೆದವು. ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಧೂಳು ಅವಳ ಶ್ವಾಸಕೋಶದಲ್ಲಿ ಕೂತಿತ್ತು ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಪರಿಹಾರ ಮಂಡಳಿಯ ತಕರಾರು ಒಂದೇ. ಈ ಹೆಂಗಸು ಒಂದು ದಿನವೂ ಕಾರ್ಖಾನೆಯೊಳಗೆ ಕಾಲಿಟ್ಟವಳಲ್ಲ, ಧೂಳು ಇವಳ ಹತ್ತಿರ ಹೇಗೆ ಹೋಯಿತು?

ಹೇಗೆ ಹೋಯಿತೆಂದು ಅವಳ ಗಂಡ ಎಮಿಲನಿಗೆ ಗೊತ್ತು. ಹೊತ್ತು ತಂದವನೇ ಅವನು.

ಈರಿ ಸರೋವರದ ದಂಡೆಯ ಆ ಊರಿನ ಕಾರ್ಖಾನೆಯಲ್ಲಿ ಬಾಯ್ಲರು ಕೊಳವೆಗಳಿಗೆ ಸುತ್ತುವ ಕಲ್ನಾರಿನ ಹೊದಿಕೆ ತಯಾರಾಗುತ್ತಿತ್ತು. ಎಮಿಲ್ ಅಲ್ಲಿ ನಾರು ಹಿಂಜುವ ಯಂತ್ರದ ಮುಂದೆ ನಿಂತವನು, ಯೂನಿಯನ್ನಿನಲ್ಲಿ ಮುಂದೆ ನುಗ್ಗುವವನು. ಮುಖಕ್ಕೆ ಮಾಸ್ಕು ಕೊಡಿ, ಮನೆಗೆ ಹೋಗುವ ಮೊದಲು ಮೈ ತೊಳೆಯಲು ಜಾಗ ಕೊಡಿ ಎಂದು ಹಿಮ ಬೀಳುವಾಗ ಗೇಟಿನ ಮುಂದೆ ಕೂತ ಮುಷ್ಕರದಲ್ಲಿ ಪೊಲೀಸರ ದೊಣ್ಣೆಗೆ ಅವನ ಮುಂದಿನ ಹಲ್ಲುಗಳು ಹೋದವು. ಮಾಸ್ಕು ಬಂತು, ಸ್ನಾನದ ಕೋಣೆಯೂ ಬಂತು. ಗೆದ್ದೆವು ಎಂದು ಎಲ್ಲರೂ ಕುಣಿದರು. ಆ ಕುಣಿತಕ್ಕೆ ಹಾಡು ಬಂದದ್ದು ಎಮಿಲ್ ಮನೆಯಲ್ಲೇ ಮಾಡಿದ ಸ್ಪೀಕರುಗಳಿಂದ.

ಅದು ಅವನ ಹುಚ್ಚು. ಕೆಡವಿದ ಸಿನಿಮಾ ಮಂದಿರದಿಂದ ಸದ್ದು ಹೊರಡಿಸುವ ಹಳೆಯ ಕಾಗದದ ಕೋನುಗಳನ್ನು ತಂದು, ಅಂಚು ಹರಿದಿದ್ದರೆ ಅಂಟು ಹಾಕಿ, ನೆಲಮಾಳಿಗೆಯಲ್ಲಿ ಪ್ಲೈವುಡ್ ಕೊಯ್ದು ಪೆಟ್ಟಿಗೆ ಕಟ್ಟುತ್ತಿದ್ದ. ಹಾಡಿಗೆ ಪೆಟ್ಟಿಗೆ ತನ್ನ ಸದ್ದು ಸೇರಿಸಬಾರದು ಎನ್ನುವುದು ಅವನ ಹಟ. ಕೋನು ಮುಂದಕ್ಕೆ ತಳ್ಳುವಷ್ಟೇ ಸದ್ದನ್ನು ಹಿಂದಕ್ಕೂ ತಳ್ಳುತ್ತದೆ. ಹಿಂದಿನದು ಹಲಗೆಗೆ ಬಡಿದು ವಾಪಸು ಬಂದರೆ ಹಾಡು ಕಲಸುಮೇಲೋಗರ. ಹಲಗೆ ನಡುಗದಿರಲು ಒಳಗೋಡೆಗೆ ಚಾವಣಿಯ ಡಾಂಬರು ಹಾಳೆ ಅಂಟಿಸಿದ. ಸದ್ದು ನುಂಗಲು ಏನು ತುಂಬಬೇಕು ಎಂಬುದೇ ತಲೆನೋವಾಯಿತು. ಹಳೆಯ ರಜಾಯಿ ತುಂಬಿದರೆ ಪೆಟ್ಟಿಗೆಯ ಡೊಳ್ಳಿನಂಥ ಸದ್ದು ಕುಗ್ಗಲಿಲ್ಲ. ಗಾಜಿನ ಉಣ್ಣೆಗೆ ಕೈಯೆಲ್ಲ ತುರಿಕೆ. ಕೊನೆಗೆ ವಿಲ್ಮಾಳ ಅಣ್ಣನ ತೋಟದಿಂದ ಒಂದು ಚೀಲ ಕುರಿಯುಣ್ಣೆ ಕೊಂಡು ತಂದು ತುಂಬಿದರು. ಹಾಡು ಹಚ್ಚಿದ ಮೇಲೆ ವಿಲ್ಮಾ ಕಣ್ಣು ಮುಚ್ಚಿ ಕೂತಳು. ಚರ್ಚಿನಲ್ಲಿ ಅಕಾರ್ಡಿಯನ್ ನುಡಿಸುವವಳು, ಕಿವಿ ಅವಳದು.

"ಇದೇ ಇರ್ಲಿ ಎಮಿಲ್. ಅಕಾರ್ಡಿಯನ್ ಅಕಾರ್ಡಿಯನ್ ತರಾನೇ ಕೇಳ್ತಿದೆ."

"ಇನ್ನೊಂದು ಪೆಟ್ಟಿಗೆಗೂ ಉಣ್ಣೆ ಬೇಕಲ್ಲ. ದುಡ್ಡು ಯಾರು ಕೊಡ್ತಾರೆ, ನಿಮ್ಮಪ್ಪನಾ?"

"ನಮ್ಮಪ್ಪನ ಹತ್ರ ದುಡ್ಡಿದ್ದಿದ್ರೆ ನಿನ್ನ ಯಾಕೆ ಕಟ್ಕೋತಿದ್ದೆ?"

ಇಬ್ಬರೂ ನಕ್ಕರು. ಆ ಶುಕ್ರವಾರ ಎಮಿಲ್ ಕಾರ್ಖಾನೆಯ ಗೇಟಿನಲ್ಲಿ ಪುಕ್ಕಟೆ ಹಂಚುತ್ತಿದ್ದ ಮೂಟೆಗಳಲ್ಲಿ ಒಂದನ್ನು ಕಾರಿಗೆ ಹಾಕಿದ. ಯಂತ್ರದಡಿ ಉಳಿಯುವ ಬೂದು ನಾರು ಅದು. ಎಸೆಯುವುದಕ್ಕೆ ಖರ್ಚು, ಅದಕ್ಕೇ ಕಂಪನಿ ಇಷ್ಟು ಧಾರಾಳಿ. ಮಂದಿ ಅದನ್ನು ಅಟ್ಟಕ್ಕೆ ಸುರಿದರು, ನಾಯಿಗೂಡಿಗೆ ಹಾಸಿದರು. ಎಮಿಲ್ ಪೆಟ್ಟಿಗೆಗೆ ತಂದ.

ಗಂಟುಗಂಟಾಗಿದ್ದ ನಾರನ್ನು ಬಿಡಿಸದೆ ತುಂಬಿದರೆ ಪ್ರಯೋಜನವಿಲ್ಲ. ವಿಲ್ಮಾ ಅದನ್ನು ಮಡಿಲಿಗೆ ಸುರಿದುಕೊಂಡು ಬರಿಗೈಯಲ್ಲಿ ಹಿಂಜುತ್ತಿದ್ದಳು. ಒಂದು ಹಿಡಿ ತುಂಬು, ಕೇಳು, ಅರ್ಧ ಹಿಡಿ ತೆಗೆ, ಮತ್ತೆ ಕೇಳು. ನೆಲಮಾಳಿಗೆಗೆ ಕಿಟಕಿಯಿಲ್ಲ. ಕಾರ್ಖಾನೆಯಲ್ಲಿ ಮಾಸ್ಕಿಲ್ಲದೆ ಯಂತ್ರ ಮುಟ್ಟದ ಮನುಷ್ಯ ಇಲ್ಲಿ ಬೂದು ಮೋಡದ ನಡುವೆ ಬಿಯರು ಕುಡಿಯುತ್ತ ಕೂತಿದ್ದ.

"ಈಗ ಹೇಗಿದೆ?" ಎಂದ.

"ಪೆಟ್ಟಿಗೆ ಸದ್ದು ಹೋಯ್ತು. ಹಾಡೂ ಗಂಟಲಲ್ಲೇ ನಿಂತಂಗಿದೆ. ಕುರಿದೇ ಚೆನ್ನಾಗಿತ್ತು."

"ನಿಂಗೆ ಪುಕ್ಕಟೆ ಸಿಕ್ಕಿದ್ದು ಯಾವುದೂ ರುಚಿಸಲ್ಲ ಬಿಡು."

ಅವಳು ಇನ್ನೊಂದು ಹಿಡಿ ನಾರು ಮಡಿಲಿಗೆ ಎಳೆದುಕೊಂಡಳು. ಕಿತ್ತ ಕುರಿಯುಣ್ಣೆ ಮೂಲೆಗೆ ಹೋಯಿತು. ಮುಂದೆ ಸ್ಲೋವಾಕ್ ವಲಸಿಗರ ಕ್ಲಬ್ಬಿಗೆ, ಚರ್ಚಿಗೆ, ಯೂನಿಯನ್ ಆಫೀಸಿಗೆ, ಮದುವೆಯಾದವರ ಮನೆಗಳಿಗೆಲ್ಲ ಎಮಿಲ್ ಪೆಟ್ಟಿಗೆ ಕಟ್ಟಿಕೊಟ್ಟ. ಎಲ್ಲದಕ್ಕೂ ನಾರು ಹಿಂಜಿದವಳು ವಿಲ್ಮಾ. ವರ್ಷಗಳು ಉರುಳಿದ ಮೇಲೆ ಕೆಮ್ಮು ಹಿಡಿಯಿತು. ಅಕಾರ್ಡಿಯನ್ನಿನ ತಿದಿ ಎಳೆಯಲಾರದೆ ಅದನ್ನು ಮಂಚದ ಕೆಳಗೆ ತಳ್ಳಿದಳು. ಒಂದು ಸಲವಾದರೂ ಅವಳು ಎಮಿಲನನ್ನು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

ಮಂಡಳಿಯ ಮುಂದೆ ಇಡಲು ಒಂದು ಪೆಟ್ಟಿಗೆ ಬೇಕೆಂದು ವಿಚಾರಣೆಗೆ ಒಂದು ವಾರ ಮುಂಚೆ ಎಮಿಲ್ ಕ್ಲಬ್ಬಿಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ. ಕ್ಲಬ್ಬು ನಡೆಸುವ ಗಸ್ ಟೋಮ್ಕೊ ಅವನ ಜೊತೆಗೇ ಕೆಲಸ ಮಾಡಿದವನು.

"ಅದನ್ನ ಒಯ್ದ್ರೆ ಶನಿವಾರ ಪೋಲ್ಕಾ ಕುಣಿತಕ್ಕೆ ಹಾಡು ಏನು ನನ್ನ ಬಾಯಲ್ಲಿ ಬಾರಿಸ್ಲಾ?" ಎಂದ ಗಸ್.

"ನಿನ್ನ ಬಾಯಿ ಅದಕ್ಕಿಂತ ಜೋರಾಗೇ ಇದೆ. ಹಿಡಿ ಆ ಕಡೆ."

ಗಸ್ ಹಿಡಿಯಲಿಲ್ಲ. ಗ್ಲಾಸು ಒರೆಸುತ್ತಲೇ ನಿಂತ. "ಒಳಗೇನಿದೆ ಅಂತ ತಿಳಿದ್ರೆ ಕ್ಲಬ್ಬಿಗೆ ಬೀಗ. ಆಮೇಲೆ ನಮ್ಮನೆ ಅಟ್ಟ ನೋಡೋಕೆ ಬರ್ತಾರೆ. ಆ ಮನೆ ಯಾವನು ಕೊಳ್ತಾನೆ ಆಮೇಲೆ?"

"ಮೂಟೆ ಗೇಟಲ್ಲೇ ಕೊಟ್ರು ಅಂತ ನೀನೊಂದು ಮಾತು ಹೇಳು, ಸಾಕು. ನಾನು ಕದ್ದೆ ಅಂತಾನೆ ಅವರ ವಕೀಲ."

"ನಾನು ನೋಡಿಲ್ಲ."

"ಒಂದೇ ಕಾರಲ್ಲಿ ತಂದ್ವಲ್ಲೋ ಗಸ್."

"ಕಾರು ನಿಂದು."

ಗಸ್ ಇನ್ನೊಂದು ಗ್ಲಾಸು ಎತ್ತಿಕೊಂಡು ಒರೆಸುತ್ತ ಕೇಳಿದ. "ಮಾಸ್ಕಿಗೋಸ್ಕರ ಹಲ್ಲು ಉದುರಿಸ್ಕೊಂಡೋನು ನೀನು. ಮನೇಲಿ ಯಾಕೆ ಹಾಕ್ಕೊಳ್ಲಿಲ್ಲ?"

"ಅದು ಕೆಲಸ ಅಂತ ಅನ್ಕೊಂಡಿರ್ಲಿಲ್ಲ," ಎಂದ ಎಮಿಲ್. "ಮನೇಲಿ ಮಾಡೋದು ಸಂತೋಷಕ್ಕೆ ಅಂತಿದ್ದೆ. ಸಂತೋಷಕ್ಕೆ ಯಾರು ಮಾಸ್ಕು ಹಾಕ್ತಾರೆ?"

ಗಸ್ ಕೊನೆಗೆ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದು ಕಾರಿನವರೆಗೆ ಬಂದ. ಸಾಕ್ಷಿಗೆ ಬರುವ ಮಾತು ಮಾತ್ರ ಆಡಲಿಲ್ಲ.

ವಿಚಾರಣೆಯ ದಿನ ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆ ಮೇಜಿನ ಮೇಲೆ ಕೂತಿತ್ತು. ಎಮಿಲ್ ಎದ್ದು, ತಂದವನು ನಾನು, ಹಿಂಜಿಸಿದವನು ನಾನು, ಅವಳು ಬೇಡ ಅಂದರೂ ಕೇಳದವನು ನಾನು ಎಂದು ಹೇಳಿದ. ಕಂಪನಿಯ ವಕೀಲ ಒಪ್ಪದೆ ತಲೆ ಅಡ್ಡ ಆಡಿಸಿದ: ಗಂಡನೊಬ್ಬನ ಮಾತು, ಕದ್ದ ಮಾಲು. ಗೇಟಿನಲ್ಲಿ ಮೂಟೆ ಪಡೆದ ಇನ್ನೊಬ್ಬ ಬಂದು ಹೇಳಲಿ ಎಂದು ಮಂಡಳಿ ವಿಚಾರಣೆ ಮುಂದೂಡಿತು. ಊರಿನಲ್ಲಿ ಮೂಟೆ ತರದ ಮನೆ ಹುಡುಕಿದರೂ ಸಿಗದು. ಆದರೂ ಆ ಇನ್ನೊಬ್ಬ ಇನ್ನೂ ಬಂದಿಲ್ಲ.

ಇದನ್ನು ಓದುತ್ತಿರುವ ನಿಮ್ಮ ಊರಿನಲ್ಲೂ ಅಂಥ ಒಂದು ಕಾರ್ಖಾನೆ ಇದ್ದಿರಬಹುದು, ಅದರ ಗೇಟಿನಲ್ಲೂ ಏನೋ ಪುಕ್ಕಟೆ ಸಿಕ್ಕಿರಬಹುದು. ನಿಮ್ಮ ಅಪ್ಪನೋ ಗಂಡನೋ ಅದನ್ನು ಹೊತ್ತು ತಂದಿರಬಹುದು, ಮಡಿಲಲ್ಲಿ ಹರಡಿಕೊಂಡು ಬಿಡಿಸಿದ ಹೆಂಗಸು ಈಗ ಕೆಮ್ಮುತ್ತಿರಬಹುದು. ಮನೆಯ ಬೆಲೆ ಇಳಿಯುತ್ತದೆಂದು ಬಾಯಿ ಮುಚ್ಚಿಕೊಂಡು ಕೂರಬೇಡಿ. ಹೋಗಿ, ನಿಂತು, ಹೇಳಿ: ನಾವೂ ತಂದೆವು, ಅವರೇ ಕೊಟ್ಟರು.