ಬೋಳಗೊರಳಿನ ಪಿಳ್ಳಿಗೆ ಹಚ್ಚಿದ ಬಣ್ಣ

ಎಂಬತ್ತೈದನೆಯ ಇಸವಿಯೋ ಎಂಬತ್ತಾರೋ ಇರಬೇಕು. ಹೋಳಿ ಹುಣ್ಣಿವಿ ಆದ ಮ್ಯಾಲೆ ನಮ್ಮ ಓಣಿಯ ಕೋಳಿಗಳಿಗೆ ಬ್ಯಾನಿ ಬಂತು. ಬೆಳಿಗ್ಗೆ ಕೆದರಿ ತಿನ್ನುತ್ತಿದ್ದ ಕೋಳಿ ಸಂಜೆಗೆ ಗೋಣು ತಿರುವಿ ಬೀಳುತ್ತಿತ್ತು. ದೇವಿಕೊಪ್ಪದ ಬಾಜು ನಮ್ಮೂರು. ದನಕ್ಕೇ ಡಾಕ್ಟರು ಬರುವುದು ಅಪರೂಪ, ಕೋಳಿಗೆ ಯಾರು ಬರ್ತಾರ? ಗೌಡರ ಓಣಿಯವರು ಮೂಗಿಗೆ ಸೆರಗು ಹಿಡಿದು ದಾಟಿಹೋದರು. ಅವರು ಕೋಳಿ ಸಾಕುವವರಲ್ಲ, ಸತ್ತರೆ ಅವರಿಗೇನು.

ನನ್ನ ಹ್ಯಾಟಿಯೂ, ಅಂದರೆ ಹೆಣ್ಣುಕೋಳಿಯೂ, ಸತ್ತಿತು. ಅದು ಬೋಳಗೊರಳಿನದು. ಕೊರಳಿಗೆ ಒಂದು ಪುಕ್ಕ ಇರಲಿಲ್ಲ, ಕೆಂಪಗೆ ಬತ್ತಲೆ. ನೋಡಾಕ ಅಗದಿ ಹೊಲಸು. "ಇದೇನಬೇ, ಸುಟ್ಟ ಕೋಳಿ ಎದ್ದು ಓಡ್ಯಾಡಾಕತ್ತೈತಿ" ಅಂತ ಮಂದಿ ನಗುತ್ತಿದ್ದರು. ನಗಲಿ. ಬ್ಯಾಸಗಿಯಲ್ಲಿ ಅವರ ಕೋಳಿಗಳು ಬಾಯಿ ತೆರೆದು ನೆರಳಿಗೆ ಬಿದ್ದಿರುವಾಗ ನನ್ನದು ತತ್ತಿ ಇಡುತ್ತಿತ್ತು. ಆ ತತ್ತಿಯಿಂದಲೇ ನನ್ನ ಬಳಿ, ಎಣ್ಣಿ, ಎಲಿ ಅಡಿಕಿ. ಗಂಡನ ಮುಂದೆ ಕೈ ಚಾಚಿದವಳಲ್ಲ. ಸುತ್ತ ಹಳ್ಳಿಯಲ್ಲಿ ಆ ತಳಿ ಇನ್ನೊಂದಿರಲಿಲ್ಲ. ಸಾಯುವ ಮುಂಚೆ ಅದು ಇಟ್ಟ ತತ್ತಿ ಜೋಳದ ಗಡಿಗೆಯಲ್ಲಿ ಇದ್ದವು, ಅಷ್ಟೇ. ಅವು ಒಡೆದು ಪಿಳ್ಳಿಮರಿಯಾದರೆ ತಳಿ ಉಳೀತು, ಇಲ್ಲಂದ್ರ ಮುಗೀತು.

ತತ್ತಿ ಇದ್ದರೆ ಸಾಲದು, ಕಾವು ಕೊಡುವ ಕೋಳಿ ಬೇಕು. ಓಣಿಯಲ್ಲಿ ಉಳಿದದ್ದು ನನ್ನ ನೆಗೆಣ್ಣಿಯ ಕರೇ ಹ್ಯಾಟಿ ಒಂದೇ. ನೆಗೆಣ್ಣಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣ ತಮ್ಮ ಬ್ಯಾರೆ ಆದಾಗ ಹಿತ್ತಲ ನಡುವೆ ಎದಿಮಟ್ಟ ಮಣ್ಣಿನ ಗ್ವಾಡಿ ಎಬ್ಬಿಸಿದ್ದರು. ಆ ಕಡೆ ಆಕಿ, ಈ ಕಡೆ ನಾನು. ಆಕಿಯ ಹ್ಯಾಟಿ ಕಾವಿಗೆ ಬಂದು ಕತ್ತಲೆ ಮೂಲೆ ಹಿಡಿದು ಕುಂತಿತ್ತು, ಹೊರಗೆ ಬಂದಿರಲಿಲ್ಲ, ಅದಕ್ಕೇ ಉಳಿದಿತ್ತು. ಕುಂತದ್ದು ಬರೇ ಹುಲ್ಲಿನ ಮ್ಯಾಲೆ. ಅದರ ತತ್ತಿಯನ್ನೆಲ್ಲ ಮನೆಮಂದಿ ತಿಂದು ಮುಗಿಸಿದ್ದರು.

ನಮ್ಮ ಕಡೆ ಪಾಲಿನ ಕಾವು ಅಂತ ಉಂಟು. ಒಬ್ಬರ ತತ್ತಿ, ಒಬ್ಬರ ಕೋಳಿ. ಹುಟ್ಟಿದ ಪಿಳ್ಳಿಯಲ್ಲಿ ಅರ್ಧ ಅರ್ಧ. ಹಂಚುವುದು ತಾಯಿ ಮರಿಗಳನ್ನು ಕುಕ್ಕಿ ದೂರ ಮಾಡಿದ ಮ್ಯಾಲೆ. ಅಲ್ಲೀತನಕ ಸತ್ತದ್ದು ಇಬ್ಬರಿಗೂ ಸತ್ತಂಗ.

"ಯಕ್ಕಾ, ಪಾಲಿಗೆ ಕಾವು ಕುಂದ್ರಸೂಣು" ಅಂದೆ.

"ಸತ್ತ ಕೋಳಿ ತತ್ತಿ. ಒಳ್ಳೇವು ಅದಾವೇನ?"

"ತತ್ತಿಗೇನಾಗೇತಿ? ನಿನ್ನ ಕೋಳಿ ನಾಳೆ ಗೋಣ ಹಾಕಂಗಿಲ್ಲಂತ ಏನ ಗ್ಯಾರಂಟಿ?"

"ಹಂಗಾದ್ರ ಬ್ಯಾಡ ಬಿಡ."

"ಬ್ಯಾಡಂತ ಯಾರಂದ್ರು?"

ಹಿಂಗೆ ಶುರು ಆಯಿತು. ಅದಲುಬದಲು ಆಗದಿರಲಿ ಅಂತ ನಾನು ಪ್ರತಿ ತತ್ತಿಗೂ ಇದ್ದಲಿಯಿಂದ ಒಂದು ಗೀಟು ಎಳೆದು ಕೊಟ್ಟೆ. ಆಕಿ ಬುಟ್ಟಿಯಲ್ಲಿ ಬೂದಿ, ಹುಲ್ಲು ಹಾಸಿ ತತ್ತಿ ಜೋಡಿಸಿ, ಗುಡುಗಿಗೆ ಕೆಡದಿರಲಿ ಅಂತ ಒಂದು ಕಬ್ಬಿಣದ ಮೊಳೆ ಇಟ್ಟಳು. ಬುಟ್ಟಿಯ ಮ್ಯಾಲೆ ಗೋಣಿಚೀಲ ಇಳಿಬಿಟ್ಟಳು. ಆ ಚೀಲ ನನಗೆ ಸೇರಲಿಲ್ಲ. ಗಾಳಿ ಬಡಿಯಬಾರದು ಅನ್ನುವುದು ಖರೆ, ಆದರೆ ಕಣ್ಣಿಗೆ ಕಾಣಬಾರದು ಅನ್ನುವುದಕ್ಕೂ ಚೀಲವೇ ಬೇಕು. ದಿನಾ ಏನಾದರೂ ನೆವ ಮಾಡಿ ಹೋಗಿ ಚೀಲ ಎತ್ತಿ ನೋಡುತ್ತಿದ್ದೆ. ಹ್ಯಾಟಿ ಕೈಗೆ ಕುಕ್ಕುತ್ತಿತ್ತು. "ಅದಕ್ಕೂ ನಿನ್ನ ಮ್ಯಾಲೆ ಸಂಶಯ ಐತಿ ನೋಡ" ಅಂತಿದ್ದಳು ನೆಗೆಣ್ಣಿ.

ಪಿಳ್ಳಿ ಒಡೆದ ದಿನ ಗ್ವಾಡಿಯಾಚೆ ಚಿಂವ್ ಚಿಂವ್ ಕೇಳಿ ರೊಟ್ಟಿ ಹಂಚಿನ ಮ್ಯಾಲೆ ಬಿಟ್ಟು ಓಡಿದೆ. ಎರಡು ತತ್ತಿ ಕೊಳೆತಿದ್ದವು, ತಿಪ್ಪಿಗೆ ಒಗೆದೆ ಅಂದಳು. ನಾನು ಸೀದಾ ತಿಪ್ಪಿಗೆ ಹೋಗಿ ಕಡ್ಡಿಯಿಂದ ಕೆದರಿದೆ. ಎರಡೂ ಸಿಕ್ಕವು, ನನ್ನ ಗೀಟೂ ಇತ್ತು. ನಾರುವ ಕಡ್ಡಿ ಅಲ್ಲೇ ಒಗೆದು ಕೈ ತೊಳೆದುಕೊಂಡು ಬಂದೆ. ಅದು ಸುಳ್ಳಲ್ಲ. ಅಂದಮಾತ್ರಕ್ಕೆ ಎಲ್ಲಾ ಖರೆ ಅಂತಲೂ ಅಲ್ಲ.

ಪಿಳ್ಳಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಬೋಳಗೊರಳಿನವು, ಅರ್ಧ ಪುಕ್ಕದ ಕೊರಳಿನವು. ಹುಟ್ಟುತ್ತಲೇ ಗೊತ್ತಾಗುತ್ತದೆ, ಕೊರಳಿನ ಹತ್ತಿರ ಮೆತ್ತನೆ ತುಪ್ಪಳವೇ ಇರುವುದಿಲ್ಲ.

"ಬೋಳಗೊರಳಿನವು ನನಗ, ಉಳಿದವು ನಿನಗ" ಅಂತ ಹಂಚುವ ದಿನದ ತನಕ ಕಾಯದೆ ಅಂದೆ. ಇನ್ನು ಸತ್ತರೆ ಅವರವರದು ಸತ್ತಂಗ.

"ಆತು ತೊಗೊ" ಅಂದಳು.

ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ. ಉಪ್ಪು ಕೇಳಿದರೆ ನಾಕು ಮಾತು ಆಡಿ ಕೊಡುವ ಹೆಂಗಸು ಇಷ್ಟು ಲಗೂನ ಒಪ್ಪಿದಳೆಂದರೆ ಒಳಗೇನೋ ಐತಿ ಅನಿಸಿತು.

ಎರಡು ದಿನ ಬಿಟ್ಟು ಹೋದರೆ ನನ್ನ ಬೋಳಗೊರಳಿನ ಪಿಳ್ಳಿಗಳೆಲ್ಲ ಗುಲಾಬಿ ಬಣ್ಣ ಆಗಿದ್ದವು.

"ಇದೇನ ಮಾಡೀಬೇ ಯಕ್ಕಾ?"

"ಹೋಳಿ ಬಣ್ಣ ಒಂಚೂರು ಉಳದಿತ್ತು. ಬಣ್ಣ ಕಂಡ್ರ ಹದ್ದು ಅಂಜತೈತಿ. ನಿನ್ನವು ಬೋಳವು, ಬಡಪಾಯಿಗಳು. ಅದಕ್ಕ ಅವಕ್ಕ ಹಚ್ಚೀನಿ."

ಪಿಳ್ಳಿಗೆ ಬಣ್ಣ ಹಚ್ಚುವುದು ಹೊಸದಲ್ಲ. ನಮ್ಮವ್ವನೂ ಹಚ್ಚುತ್ತಿದ್ದಳು. ಆದರೆ ಅವ್ವ ಹಚ್ಚಿದರೆ ಎಲ್ಲಾಕ್ಕೂ ಹಚ್ಚುತ್ತಿದ್ದಳು.

"ನಿನ್ನವಕ್ಕ ಯಾಕ ಹಚ್ಚಿಲ್ಲ?"

"ಸಾಲಲಿಲ್ಲ."

ಮರುದಿನದಿಂದ ಹದ್ದು ಬರಲು ಶುರು ಮಾಡಿತು. ಬೇವಿನ ಮರದ ಮ್ಯಾಲೆ ಒಂದು ಸುತ್ತು, ಎರಡು ಸುತ್ತು, ಸರ್ರಂತ ಇಳಿದು ಎತ್ತಿಕೊಂಡು ಹೋಯಿತು. ಗುಲಾಬಿ ಪಿಳ್ಳಿ. ಮತ್ತೊಮ್ಮೆ ಬಂತು, ಮತ್ತೂ ಗುಲಾಬಿ. ಮೂರನೆಯದೂ ನನ್ನದೇ. ಆಕಿಯ ಕರೇ ಪಿಳ್ಳಿ, ಮಣ್ಣಿನ ಬಣ್ಣದ ಪಿಳ್ಳಿ, ತಾಯಿಯ ರೆಕ್ಕೆಯ ಕೆಳಗೆ ಸೇರಿದರೆ ಮಣ್ಣು ಯಾವುದು ಪಿಳ್ಳಿ ಯಾವುದು ತಿಳಿಯುತ್ತಿರಲಿಲ್ಲ. ನನ್ನವು ಮಾತ್ರ ಅಂಗಳದಲ್ಲಿ ದಾಸಾಳ ಹೂವು ಚೆಲ್ಲಿದಂಗ ಎದ್ದು ಕಾಣುತ್ತಿದ್ದವು.

ಗ್ವಾಡಿಗೆ ಎದಿ ಹಚ್ಚಿ ನಿಂತು ಕೇಳಿದೆ. "ಯಕ್ಕಾ, ಯಾವುದು ನನ್ನ ಪಿಳ್ಳಿ ಅಂತ ಹದ್ದಿಗೆ ಹೆಂಗ ಗೊತ್ತಾಗತೈತಿ?"

"ನನ್ನೇನ ಕೇಳ್ತೀ? ಅದನ್ನ ಕೇಳ ಹೋಗ" ಅಂತ ಮುಗಿಲು ತೋರಿಸಿದಳು.

"ಬಣ್ಣಕ್ಕ ಅಂಜತೈತಿ ಅಂದಿದ್ದಿ."

"ಅಂಜೂ ಹದ್ದು ಅಂಜತೈತಿ. ಅಂಜಲಾರದ್ದು ಅಂಜಂಗಿಲ್ಲ."

"ಹಂಗಾದ್ರ ನಿನ್ನವಕ್ಕೂ ಹಚ್ಚು. ನಮ್ಮನ್ಯಾಗ ಬಣ್ಣ ಐತಿ, ತರ್ತೀನಿ."

"ಬ್ಯಾಡ ಬ್ಯಾಡ. ನನ್ನವು ಹಂಗ ಇರಲಿ."

ಆ "ಬ್ಯಾಡ" ಕೇಳಿದ ಮ್ಯಾಲೆ ನನಗೆ ಕೇಳುವುದೇನೂ ಉಳಿಯಲಿಲ್ಲ. ಬಣ್ಣ ತೊಳೆಯೋಣ ಅಂದರೆ ಅಷ್ಟು ಸಣ್ಣ ಪಿಳ್ಳಿ ಥಂಡಿ ಹಿಡಿದು ಸಾಯುತ್ತದೆ. ನನ್ನವು ನಾಕು ಉಳಿದಿದ್ದವು. ಗ್ವಾಡಿ ಸುತ್ತಿ ಹೋಗಿ, ಆಕಿಯ ಕಣ್ಣ ಮುಂದೆಯೇ ನಾಕನ್ನೂ ಉಡಿಯಲ್ಲಿ ಹಾಕಿಕೊಂಡು ಬಂದು ನಮ್ಮ ಹಿತ್ತಲಲ್ಲಿ ಬುಟ್ಟಿ ಬೋರಲ ಹಾಕಿ ಮುಚ್ಚಿದೆ.

"ತಾಯಿ ಇಲ್ಲದ ಸಾಯ್ತಾವು!" ಅಂತ ಕೂಗಿದಳು.

"ಹದ್ದಿನ ಬಾಯಾಗ ಸಾಯೂದಕಿಂತ ನನ್ನ ಬುಟ್ಟ್ಯಾಗ ಸಾಯಲಿ."

ಬುಟ್ಟಿಯೊಳಗೆ ಅವು ಚೀರಿದ ಚೀರಾಟ ಹೇಳತೀರದು. ಕೇಳಿದ್ದೇ ಕರೇ ಹ್ಯಾಟಿ ಗ್ವಾಡಿ ಹಾರಿ ಬಂತು. ಬುಟ್ಟಿಯ ಸುತ್ತ ರೆಕ್ಕೆ ಬಿಚ್ಚಿ ಲೊಕ್ ಲೊಕ್ ಅಂತ ತಿರುಗಿತು. ಈಗ ಆಚೆ ಉಳಿದ ಆಕಿಯ ಪಿಳ್ಳಿ ಚೀರಿದವು. ಹ್ಯಾಟಿ ಮತ್ತೆ ಹಾರಿ ಆಚೆ ಹೋಯಿತು. ನನ್ನವು ಚೀರಿದವು, ಈಚೆ ಬಂತು. ಮಧ್ಯಾಹ್ನವೆಲ್ಲ ಇದೇ. ಕಾಳು ಮುಟ್ಟಲಿಲ್ಲ, ನೀರು ಕುಡಿಯಲಿಲ್ಲ. ಹ್ಯಾಟಿ ಹಾರಿ ಬರುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತೋ ಇಲ್ಲೋ ಅಂತ ನೆಗೆಣ್ಣಿ ಸಾಯುವ ತನಕ ಕೇಳಿದಳು. ನಾನು ಹೇಳಲಿಲ್ಲ.

ಸಂಜಿಮುಂದ ಅಡ್ಡಮಳಿ ಮೋಡ ಕಟ್ಟಿತು. ಆಕಿ ತನ್ನ ಪಿಳ್ಳಿಗಳನ್ನು ಉಡಿಯಲ್ಲಿ ಕಟ್ಟಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು.

"ಒಂದ ಹ್ಯಾಟಿ ಎರಡ ಮನಿ ಹೆಂಗ ಮಾಡತೈತಿ? ದಣದ ಸಾಯಾಕತ್ತೈತಿ ಅದು. ಬಾಗಲಾ ಬಿಡ."

"ಬರ್ಬೇಕಾದ್ರ ಎಲ್ಲಾ ಒಂದ ಬಣ್ಣ ಆಗಿ ಬರಬೇಕು."

"ಏ, ಹುಚ್ಚೀ ಏನ ನೀನು?"

"ಹದ್ದು ಅಂಜತೈತಲ್ಲ ಯಕ್ಕಾ. ನಿನ್ನ ಚಲೋದಕ್ಕ ಹೇಳಾಕತ್ತೀನಿ."

ಹನಿ ಬೀಳಲು ಶುರುವಾಯಿತು. ಆಕಿ ಹಲ್ಲು ಕಡಿದು ಉಡಿ ಬಿಚ್ಚಿದಳು. ನಾನು ಒಲಿಯ ಮುಂದೆ ಕುಂತು, ಒಂದೊಂದನ್ನೂ ಹಿಡಿದು, ಒಣ ಬಣ್ಣವನ್ನೇ ಬೆನ್ನಿಗೆ ತಿಕ್ಕಿದೆ. ಆಕಿ ಒಂದೊಂದೇ ಕೊಟ್ಟಳು, ಒಂದೊಂದೇ ಎಣಿಸಿ ತಿರುಗಿ ತೊಗೊಂಡು ನಮ್ಮ ಹಿತ್ತಲಲ್ಲೇ ಹ್ಯಾಟಿಯ ಕೆಳಗೆ ಬಿಟ್ಟಳು. ಕೊರಳು ಹಿಡಿದು ನೋಡಿದರೆ ಮಾತ್ರ ಯಾರದು ಯಾವುದು ಗೊತ್ತಾಗಬೇಕು. ದೂರದಿಂದ ನಮಗೂ ತಿಳಿಯುತ್ತಿರಲಿಲ್ಲ, ಹದ್ದಿಗೂ ತಿಳಿಯುತ್ತಿರಲಿಲ್ಲ.

ಮರುದಿನ ಮುಂಜಾನೆ ಆಕಿ ಕೋಲು ಹಿಡಿದು ಬಂದು ನಮ್ಮ ಕಟ್ಟಿಯ ಮ್ಯಾಲೆ ಕುಂತಳು. ನಾನೇನಾದರೂ ಆಕಿಯ ಪಿಳ್ಳಿಗೆ ಮಾಡಿಬಿಟ್ಟೇನು ಅಂತ ಆಕಿಗೆ ಸಂಶಯ. ಆಕಿ ನನ್ನ ಬೋಳಗೊರಳನ್ನು ಸೆರಗಿನಲ್ಲಿ ಹಾಕಿಕೊಂಡು ಹೋದಾಳು ಅಂತ ನನಗೆ. ಆಕಿ ಅಕ್ಕಿ ಹಸನು ಮಾಡುತ್ತ ಕುಂತರೆ ನಾನು ಕೌದಿ ಹೊಲಿಯುತ್ತ ಕುಂತೆ. ಆಕಿ ನೀರಿಗೆ ಎದ್ದರೆ ನಾನೂ ಕೊಡ ತೊಗೊಂಡು ಏಳುತ್ತಿದ್ದೆ. ಹದ್ದಿನ ನೆರಳು ಬಿದ್ದರೆ ಸಾಕು, ಇಬ್ಬರೂ "ಹೋಯ್ ಹೋಯ್" ಅಂತ ಕೋಲು ಎತ್ತುತ್ತಿದ್ದೆವು. ಯಾವುದನ್ನು ಎತ್ತುತ್ತದೋ ಯಾರಿಗೆ ಗೊತ್ತು. ನನ್ನ ಗಂಡ ಹೊಲದಿಂದ ಬಂದವನು ನೋಡಿ, "ಪೊಲೀಸ ಠಾಣೇದಾಗೂ ಇಷ್ಟ ಪಹರೆ ಇರಂಗಿಲ್ಲಬೇ" ಅಂದ. "ರೊಟ್ಟಿ ಬುಟ್ಟ್ಯಾಗ ಅದಾವು, ಬಡಿಸ್ಕೊಂಡು ತಿನ್ನು" ಅಂದೆ.

ಆಮೇಲೆ ಹದ್ದು ಒಂದನ್ನೂ ಒಯ್ಯಲಿಲ್ಲ. ನನ್ನ ನಾಕರಲ್ಲಿ ಒಂದು ಜೋಳ ತುಂಬುವ ಗುಂಡಿ, ಹಗೇವಿನ ಬಾಯಿಗೆ ಬಿದ್ದು ಸತ್ತಿತು. ಬೀಳುವಾಗ ಇಬ್ಬರೂ ಅಲ್ಲೇ ಇದ್ದೆವು, ಅದಕ್ಕೆ ಜಗಳ ಆಗಲಿಲ್ಲ. ಬಣ್ಣದ ತುಪ್ಪಳ ಉದುರಿ ಪುಕ್ಕ ಬಂದವು, ಹ್ಯಾಟಿ ಮರಿಗಳನ್ನು ಕುಕ್ಕಿ ದೂರ ಮಾಡಿತು. ಆಕಿ ತನ್ನ ಪಾಲು ತೊಗೊಂಡು ಹೋದಳು. ನನಗೆ ಒಂದು ಹುಂಜ, ಎರಡು ಹ್ಯಾಟಿ ಉಳಿದವು, ಮೂರೂ ಬೋಳಗೊರಳು. ಆಕಿ ಬೇಕಂತಲೇ ಬಣ್ಣ ಹಚ್ಚಿದ್ದಳೋ, ಖರೇನ ಸಾಲದೇ ಹೋಗಿತ್ತೋ, ನನಗೆ ಗೊತ್ತಿಲ್ಲ. ಬೇಕಂತಲೇ ಅಂತ ನನ್ನ ಲೆಕ್ಕ.

ಬನ್ನಿ ಹಬ್ಬದ ಆಸುಪಾಸು ಒಂದು ಮುಂಜಾನೆ ಹುಲ್ಲಿನ ಬಣಿವಿಯ ಸಂದಿಯಲ್ಲಿ ಹ್ಯಾಟಿ ಕೂಗಿತು. ಹೋಗಿ ಕೈ ಹಾಕಿದೆ. ಸಣ್ಣ ತತ್ತಿ, ಮೊದಲನೆಯದು, ಇನ್ನೂ ಬೆಚ್ಚಗಿತ್ತು, ಸಿಪ್ಪಿಗೆ ಒಂದು ರಕ್ತದ ಗೆರೆ.

ಗ್ವಾಡಿಯ ಮ್ಯಾಲೆ ನೆಗೆಣ್ಣಿಯ ಮುಖ ಬಂತು. "ಏನಬೇ ಅದು, ಬೋಳೀದು ತತ್ತಿ ಇಟ್ಟಿತೇನ?"

"ಏನಿಲ್ಲ, ಇಲಿ ನೋಡಿ ಒದರತೈತಿ" ಅಂತ ಹೇಳಿ, ತತ್ತಿ ಉಡಿಯಲ್ಲಿ ಇಟ್ಟುಕೊಂಡು ಒಳಗೆ ಬಂದೆ.